ಮೆಮ್ಸ್ ಡಿಸೈನ್: ತಯಾರಿಕೆಯಲ್ಲಿ ಕೈಕೊಡದಂತೆ ಬಿಡಿಸುವುದು ಹೇಗೆ?

ಮೊಬೈಲ್ ಅಡ್ಡ ಹಿಡಿದರೆ ಪರದೆಯೂ ತಿರುಗುತ್ತದೆ, ಅಲ್ವಾ? ಅದನ್ನು ಗಮನಿಸುವುದು ಒಂದು ಮೆಮ್ಸ್ ಚಿಪ್, ಅಂದರೆ ಒಳಗೆ ಅಲುಗಾಡುವ ಪುಟ್ಟ ಭಾಗಗಳಿರುವ ಚಿಪ್. ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಗಲದ ಸ್ಪ್ರಿಂಗ್‌ಗಳಿಗೆ ತೂಗುಬಿದ್ದ ಸಿಲಿಕಾನ್ ತುಂಡು ಅದರೊಳಗಿರುತ್ತದೆ. ಇಂಥದ್ದನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ಸುಲಭ, ಸಾವಿರಾರು ಚಿಪ್ ಒಂದೇ ಥರ ಬರುವ ಹಾಗೆ ಬಿಡಿಸುವುದು ಕಷ್ಟ.

ಮೊದಲು ಫೌಂಡ್ರಿ (ಚಿಪ್ ತಯಾರಿಸಿಕೊಡುವ ಕಾರ್ಖಾನೆ) ಆರಿಸಿ, ಆಕಾರ ಆಮೇಲೆ. ಪದರ ಎಷ್ಟು, ದಪ್ಪ ಎಷ್ಟು ಅನ್ನುವುದು ಅವರ ಡಿಸೈನ್ ರೂಲ್‌ನಲ್ಲಿರುತ್ತದೆ, ನಿಮ್ಮ ಕೈಯಲ್ಲಿರುವುದಿಲ್ಲ. ಪಾಲಿಮಂಪ್ಸ್ ಎಂಬ ಸಿದ್ಧ ತಯಾರಿಕಾ ಪ್ರಕ್ರಿಯೆಯನ್ನೇ ನೋಡಿ: ಪಾಲಿಸಿಲಿಕಾನ್ ಪದರ ಮೂರು, ಅಲುಗಾಡಬಲ್ಲವು ಎರಡೇ.

ಈಗ ಸ್ಪ್ರಿಂಗ್. ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು ಇಲ್ಲೇ. ಫೌಂಡ್ರಿಯ ರೂಲ್‌ಗಳು 2 ಮೈಕ್ರಾನ್ ಅಗಲದ ಗೆರೆಗೆ ಒಪ್ಪುತ್ತವೆ ಅಂತ ಸುಮ್ನೆ ಎಲ್ಲ ಕಡೆ 2 ಹಾಕಬೇಡಿ. ಎಚ್ಚಿಂಗ್‌ನಲ್ಲಿ, ಅಂದರೆ ಬೇಡದ ಭಾಗ ಕೊರೆದು ತೆಗೆಯುವಾಗ, ಎರಡೂ ಬದಿ 0.1 ಮೈಕ್ರಾನ್ ಹೆಚ್ಚಿಗೆ ತಿಂದುಹೋದರೆ ಉಳಿಯುವುದು 1.8. ಅಗಲ ಕಡಿಮೆಯಾದದ್ದು ಶೇ 10, ಆದರೆ ಸ್ಪ್ರಿಂಗ್‌ನ ಬಿಗಿ (ಬಾಗದಂತೆ ತಡೆಯುವ ಗುಣ) ಅಗಲದ ಘನಕ್ಕೆ ತಕ್ಕಂತೆ ಬದಲಾಗುವುದರಿಂದ ಅದು ಶೇ 27ರಷ್ಟು ಬಿದ್ದುಹೋಗುತ್ತದೆ! 4 ಮೈಕ್ರಾನ್ ಇಟ್ಟಿದ್ದರೆ ನಷ್ಟ ಶೇ 14 ಮಾತ್ರ. ಅಗಲದ ಜೊತೆ ಉದ್ದವನ್ನೂ ದುಪ್ಪಟ್ಟು ಮಾಡಿ, ಅಡ್ಡ ದಿಕ್ಕಿನ ಬಿಗಿ ಮೊದಲಿನಷ್ಟೇ ಇರುತ್ತದೆ. ಇದು ಪುಕ್ಕಟೆ ಅಲ್ಲ: ಚಿಪ್‌ನ ಜಾಗ ಹೋಗುತ್ತದೆ, ಮೇಲೆ-ಕೆಳಗಿನ ದಿಕ್ಕಿನ ಬಿಗಿ ಕಾಲು ಭಾಗಕ್ಕೆ ಇಳಿಯುತ್ತದೆ.

ಹಾಗೆ ಇಳಿದರೆ ತುಂಡು ತಳಕ್ಕೆ ಅಂಟಿಕೊಳ್ಳುವ ಅಪಾಯ ಜಾಸ್ತಿ. ಕೆಳಗಿನ ಆಕ್ಸೈಡ್ ಪದರವನ್ನು ಆಸಿಡ್‌ನಲ್ಲಿ ಕರಗಿಸಿ, ತೊಳೆದು ಒಣಗಿಸುವಾಗ ದ್ರವದ ಎಳೆತಕ್ಕೆ ಅದು ಬಾಗಿ ತಳ ಮುಟ್ಟಿದರೆ ಮತ್ತೆ ಮೇಲೇಳದೆ ಇರಬಹುದು. ಅದಕ್ಕೇ ತುಂಡಿನ ಅಡಿಯಲ್ಲಿ ಸಣ್ಣ ಉಬ್ಬುಗಳನ್ನು ಕೊಡಿ, ಮುಟ್ಟುವ ಜಾಗ ಕಡಿಮೆಯಾಗುತ್ತದೆ. ಅಗಲವಾದ ತುಂಡಿಗೆ ಸಾಲಾಗಿ ತೂತುಗಳೂ ಬೇಕು, ಇಲ್ಲದಿದ್ದರೆ ಆಸಿಡ್ ನಡುಭಾಗ ತಲುಪುವಷ್ಟರಲ್ಲಿ ಅಂಚಿನ ಆಕ್ಸೈಡ್ ಆಧಾರಗಳೂ ಕರಗಿರಬಹುದು. ದ್ರವದ ಎಳೆತ ಇಲ್ಲದೆ ಒಣಗಿಸಲು ಫೌಂಡ್ರಿಯವರಲ್ಲಿ ಕಾರ್ಬನ್ ಡೈಆಕ್ಸೈಡ್ ವಿಧಾನ ಇದೆಯಾ ಅಂತಲೂ ಕೇಳಿ.

ಎರಡೂ ತುದಿ ಬಿಗಿದ ನೇರ ಸ್ಪ್ರಿಂಗ್ ಬೇಡ. ಪದರದೊಳಗೆ ಉಳಿದ ಒತ್ತಡ ಅದರ ಬಿಗಿಯನ್ನು ಬದಲಿಸುತ್ತದೆ, ಕೆಲವೊಮ್ಮೆ ಅದನ್ನು ಬಗ್ಗಿಸಿಯೂ ಬಿಡುತ್ತದೆ. ಮಡಚಿದ ಸ್ಪ್ರಿಂಗ್ ಆ ಒತ್ತಡವನ್ನು ಬಹುಪಾಲು ತಾನೇ ಸಡಿಲಿಸಿಕೊಳ್ಳುತ್ತದೆ.

ಆಳವಾಗಿ ಕೊರೆಯುವ ಪ್ರಕ್ರಿಯೆಯಾದರೆ ಸಂದುಗಳೆಲ್ಲ ಒಂದೇ ಅಗಲ ಇರಲಿ. ಅಗಲ ಸಂದು ಬೇಗ ಕೊರೆಯುತ್ತದೆ, ಕಿರಿದು ಹಿಂದೆ ಬೀಳುತ್ತದೆ.

ವೇಫರ್‌ನಲ್ಲಿ (ಚಿಪ್‌ಗಳು ತಯಾರಾಗುವ ಸಿಲಿಕಾನ್ ಬಿಲ್ಲೆ) ಬೇರೆ ಬೇರೆ ಉದ್ದದ ಪರೀಕ್ಷಾ ಪಟ್ಟಿಗಳಿಗೂ ಜಾಗ ಬಿಡಿ, ಚಿಪ್ ಕೆಟ್ಟಾಗ ತಪ್ಪು ಡಿಸೈನ್‌ನದ್ದೋ ಎಚ್ಚಿಂಗ್‌ನದ್ದೋ ಅಂತ ಅವು ಹೇಳುತ್ತವೆ. ಮತ್ತೆ, ವೇಫರ್ ಕತ್ತರಿಸುವಾಗ ನೀರು ಹರಿಸುತ್ತಾರೆ. ಆಕ್ಸೈಡ್ ಕರಗಿಸಿ ತುಂಡುಗಳನ್ನು ಸಡಿಲಗೊಳಿಸುವುದು ಅದಕ್ಕೆ ಮುಂಚೆಯೋ ಆಮೇಲೋ, ಮುಚ್ಚಳ ಯಾವಾಗ ಅಂಟಿಸುತ್ತಾರೆ ಅನ್ನುವುದನ್ನು ಮಾಸ್ಕ್ (ಪದರಗಳ ಆಕಾರದ ನಕ್ಷೆ) ಕಳಿಸುವ ಮುಂಚೆಯೇ ಫೌಂಡ್ರಿಯವರ ಜೊತೆ ಕೂತು ತೀರ್ಮಾನಿಸಿ.