ವೈಟ್‌ಬಾರ್ಕ್ ಪೈನ್: ಹಟಮಾರಿ ಬೀಜಕ್ಕೆ ಮೊಳಕೆ ಬರಿಸುವ ಬಗೆ

ಉತ್ತರ ಅಮೆರಿಕದ ಪಶ್ಚಿಮ ಭಾಗದ ಎತ್ತರದ ಪರ್ವತಗಳಲ್ಲಿ ಬೆಳೆಯುವ ವೈಟ್‌ಬಾರ್ಕ್ ಪೈನ್ ಮರವನ್ನು ಕೆನಡಾ 2012ರಲ್ಲೇ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಅಮೆರಿಕದಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿದ್ದು 2022ರಲ್ಲಿ. ಹೊರಗಿನಿಂದ ಬಂದ ಬ್ಲಿಸ್ಟರ್ ರಸ್ಟ್ ಎಂಬ ಶಿಲೀಂಧ್ರ ರೋಗಕ್ಕೂ ತೊಗಟೆ ದುಂಬಿಗೂ ಸಿಕ್ಕಿ ಈ ಮರಗಳು ಒಣಗುತ್ತಿವೆ. ರೋಗವನ್ನು ತಾಳಿಕೊಂಡು ನಿಂತ ಮರಗಳು ತೀರಾ ಕಡಿಮೆ. ಅವುಗಳ ಒಂದು ಬೀಜವೂ ವ್ಯರ್ಥವಾಗಬಾರದು. ಕಷ್ಟವೆಂದರೆ, ಹಾಗೆಯೇ ಬಿತ್ತಿದ ಬೀಜಗಳಲ್ಲಿ ಬಹುಪಾಲು ಮೊಳೆಯುವುದಿಲ್ಲ.

ಮೊದಲ ಕೆಲಸ ಮರದ ಮೇಲೆಯೇ ಆಗಬೇಕು. ಕ್ಲಾರ್ಕ್ಸ್ ನಟ್‌ಕ್ರ್ಯಾಕರ್ ಹಕ್ಕಿ ಕಾಯಿ ಬಲಿಯುವ ಮೊದಲೇ ಬೀಜ ಕಿತ್ತೊಯ್ಯುತ್ತದೆ. ಆದ್ದರಿಂದ ಬೇಸಿಗೆಯ ಆರಂಭದಲ್ಲೇ ಕಾಯಿಗಳಿಗೆ ತಂತಿ ಬಲೆ ಕಟ್ಟಿ, ಸೆಪ್ಟೆಂಬರ್ ಹೊತ್ತಿಗೆ ಕೊಯ್ಯಿರಿ. ಅವಸರದಲ್ಲಿ ಕೊಯ್ದರೆ ಭ್ರೂಣ ಎಳೆಯದಾಗಿರುತ್ತದೆ, ಮುಂದಿನ ಯಾವ ಉಪಚಾರವೂ ಅದನ್ನು ಪೂರ್ತಿ ಸರಿಪಡಿಸಲಾರದು. ನಾಲ್ಕಾರು ಬೀಜಗಳನ್ನು ಉದ್ದಕ್ಕೆ ಸೀಳಿ ನೋಡಿ: ಒಳಗೆ ಬಿಳಿಯ ತಿರುಳು ಗಟ್ಟಿಯಾಗಿ ತುಂಬಿರಬೇಕು, ನಡುವಿನ ಪೊಳ್ಳಿನಲ್ಲಿ ಭ್ರೂಣ ಬಹುತೇಕ ತುದಿಯವರೆಗೂ ಚಾಚಿರಬೇಕು. ಎಕ್ಸ್‌-ರೇ ಸೌಲಭ್ಯವಿದ್ದರೆ ಬೀಜ ಸೀಳದೆಯೇ ಜೊಳ್ಳನ್ನು ಬೇರ್ಪಡಿಸಬಹುದು.

ಬೀಜಗಳ ಮೇಲ್ಮೈಯ ಶಿಲೀಂಧ್ರ ನಾಶವಾಗಲು ಶೇ 3ರ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ತೊಳೆದು, ಒಂದೆರಡು ದಿನ ಹರಿಯುವ ನೀರಿನಲ್ಲಿ ನೆನೆಸಿಡಿ.

ಹೆಚ್ಚಿನವರು ಎಡವುವುದು ಇದರ ನಂತರ. ಪೈನ್ ಬೀಜಕ್ಕೆ ಚಳಿ ಬೇಕೆಂದು ಕೇಳಿರುವವರು ನೆನೆದ ಬೀಜವನ್ನು ನೇರ ಶೀತಕ್ಕೆ ಇಡುತ್ತಾರೆ. ಈ ಮರದ ಬೀಜ ಕೊಯ್ಲಿಗೆ ಬಂದಾಗಲೂ ಭ್ರೂಣದ ಬೆಳವಣಿಗೆ ಅನೇಕ ವೇಳೆ ಮುಗಿದಿರುವುದಿಲ್ಲ. ಅದು ಬೆಳೆಯಲು ಹಿತವಾದ ಬಿಸುಪು ಬೇಕು. ಹೀಗಾಗಿ ಸುಮಾರು ಒಂದು ತಿಂಗಳು 10ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವವಾಗಿಟ್ಟು, ಆಮೇಲೆ ಎರಡು-ಮೂರು ತಿಂಗಳು 1ರಿಂದ 2 ಡಿಗ್ರಿಯಲ್ಲಿಡಿ. ಜಾಲರಿ ಚೀಲದೊಳಗೆ ಬೀಜ ತುಂಬಿ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವ ನಿಲ್ಲುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಗಾಳಿಯಾಡಿಸಿ, ಬೂಸ್ಟು ಕಂಡರೆ ತೊಳೆಯಿರಿ.

ಶೀತದಿಂದ ತೆಗೆದ ಬೀಜಕ್ಕೆ ಇನ್ನೊಂದು ತಡೆ ಉಳಿದಿರುತ್ತದೆ, ಗಟ್ಟಿ ಸಿಪ್ಪೆ. ಹರಿತವಾದ ಬ್ಲೇಡಿನಿಂದ ಸಿಪ್ಪೆಯ ಅಂಚಿನಲ್ಲಿ ಚಿಕ್ಕದೊಂದು ಗೀರು ಹಾಕಿ. ಒಳಗಿನ ಬಿಳುಪು ಇಣುಕಿದರೆ ಸಾಕು, ಅಲ್ಲಿಗೇ ಕೈ ನಿಲ್ಲಿಸಿ. ಚೂಪಾದ ತುದಿಯನ್ನು ಮುಟ್ಟಲೇಬೇಡಿ, ಬೇರಿನ ಮೂಲ ಅಲ್ಲಿದೆ. ಒಂದೊಂದೇ ಬೀಜಕ್ಕೆ ಕೈಯಾರೆ ಮಾಡಬೇಕಾದ ಬೇಸರದ ಕೆಲಸವಿದು, ಆದರೂ ಬಿಡಬಾರದು.

ಒದ್ದೆ ಕಾಗದ ಹಾಸಿದ ತಟ್ಟೆಯಲ್ಲಿ ಹರಡಿ, ಸುಮಾರು 20 ಡಿಗ್ರಿಯ ಬೆಳಕಿನ ಜಾಗದಲ್ಲಿಡಿ. ಬೇರು ಕೆಲವು ಮಿಲಿಮೀಟರ್ ಹೊರಬಂದ ಕೂಡಲೇ, ಅದು ಕೆಳಮುಖವಾಗಿರುವಂತೆ, ನೀರು ಚೆನ್ನಾಗಿ ಬಸಿಯುವ ಮಿಶ್ರಣದಲ್ಲಿ ಊರಿ. ನೀರು ಹೆಚ್ಚಾದರೆ ಎಳೆ ಸಸಿ ಬುಡದಲ್ಲೇ ಕೊಳೆಯುತ್ತದೆ.

ಮೊಳೆಯದ ಬೀಜಗಳನ್ನು ಎಸೆಯಬೇಡಿ. ಒತ್ತಿದರೆ ಗಟ್ಟಿಯಾಗಿರುವುದನ್ನು ಆರಿಸಿ ಮತ್ತೊಮ್ಮೆ ಶೀತಕ್ಕಿಡಿ. ಹಕ್ಕಿ ಮಣ್ಣಿನಲ್ಲಿ ಹುದುಗಿಸಿಟ್ಟ ಬೀಜಗಳಲ್ಲೂ ಎಷ್ಟೋ ಎರಡನೆಯ ಚಳಿಗಾಲ ಕಳೆದ ಮೇಲೆಯೇ ಮೊಳೆಯುತ್ತವೆ.