ಅಮೆರಿಕದ ಹಳೇ ಸೆಂಟ್ ನಾಣ್ಯಕ್ಕೆ ಹುಣಸೆಹಣ್ಣು ಹಾಕಬೇಡಿ

ಮೈಸೂರಿನ ಎಷ್ಟೋ ಮನೆಗಳಲ್ಲಿ ಅಮೆರಿಕದಿಂದ ಬಂದ ಮಗಳೋ ಅಳಿಯನೋ ಬಿಟ್ಟುಹೋದ ಸೆಂಟ್ ನಾಣ್ಯಗಳು (ನೂರು ಸೇರಿದರೆ ಒಂದು ಡಾಲರ್) ಯಾವುದೋ ಡಬ್ಬಿಯಲ್ಲಿ ಬಿದ್ದಿರುತ್ತವೆ. ಕಪ್ಪಾಗಿದೆಯೆಂದು ತಾಮ್ರದ ಚೊಂಬು ತೊಳೆದ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದರೆ ಅದರ ಬೆಲೆ ಅಲ್ಲಿಗೇ ಮುಗಿಯಿತು. ಹುಳಿ ಮೇಲ್ಮೈಯನ್ನು ತಿನ್ನುತ್ತದೆ, ನಾಣ್ಯ ಪೆಚ್ಚು ಗುಲಾಬಿಯಾಗುತ್ತದೆ. ಕಂದುಬಣ್ಣ ಕೊಳೆಯಲ್ಲ, ಅದು ಹಾಗೇ ಇರಲಿ. ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ಉಜ್ಜದೆ ಆರಲು ಬಿಡಿ.

ನಾಣ್ಯ ಪರೀಕ್ಷಿಸಲು ಬೇಕಾದದ್ದು ಮೂರೇ: 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಯಸ್ಕಾಂತ, 0.01 ಗ್ರಾಂವರೆಗೆ ತೋರಿಸುವ ತಕ್ಕಡಿ. ಅಡುಗೆಮನೆಯ ತಕ್ಕಡಿ ಸಾಲದು. ಅಶೋಕ ರಸ್ತೆಯ ಚಿನ್ನದಂಗಡಿಗಳಲ್ಲಿ ಬಳಸುವಂಥದ್ದೇ ಬೇಕು.

ಲಿಂಕನ್ ಮುಖವಿರುವ ನಾಣ್ಯದ ಹಿಂಬದಿಯಲ್ಲಿ ಎರಡು ಗೋಧಿತೆನೆ ಇದ್ದರೆ ಅದು 1909ರಿಂದ 1958ರೊಳಗಿನದು. ಇಸವಿಯ ಕೆಳಗೆ 'ಡಿ' ಇದ್ದರೆ ಅಚ್ಚಾದ ಟಂಕಸಾಲೆ ಡೆನ್ವರ್, 'ಎಸ್' ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ, ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಫಿಲಡೆಲ್ಫಿಯಾ. ಬೆಲೆ ನಿಲ್ಲುವುದು ವಯಸ್ಸಿನ ಮೇಲಲ್ಲ, ಈ ಅಕ್ಷರದ ಮೇಲೆ. ಹಿಂಬದಿಯ ತಳದಲ್ಲಿ ವಿನ್ಯಾಸಕಾರನ 'ವಿಡಿಬಿ' ಅಕ್ಷರಗಳಿರುವ 1909ರ ಸೆಂಟ್ ಫಿಲಡೆಲ್ಫಿಯಾದಲ್ಲಿ ಸುಮಾರು 2.8 ಕೋಟಿ ಅಚ್ಚಾಯಿತು. 'ಎಸ್' ಇರುವುದು ಬರೀ 4,84,000.

ಮೋಸ ನಡೆಯುವುದೂ ಇಲ್ಲೇ. 1944ರ 'ಡಿ' ನಾಣ್ಯದ ಮೊದಲ 4ನ್ನು ಕೆತ್ತಿ 1914 ಮಾಡುತ್ತಾರೆ. ಲಿಂಕನ್ ಭುಜದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಅಲ್ಲಿಗೆ 'ವಿಡಿಬಿ' ಬಂದದ್ದು 1918ರಲ್ಲಿ. 1914ರ ನಾಣ್ಯದಲ್ಲಿ ಅದು ಕಂಡರೆ ತಿದ್ದಿದ್ದೇ ಸರಿ.

1943ರಲ್ಲಿ ತಾಮ್ರ ಯುದ್ಧಕ್ಕೆ ಹೋದ ಕಾರಣ ಸತು ಲೇಪಿಸಿದ ಉಕ್ಕಿನಲ್ಲಿ ಅಚ್ಚು ಹಾಕಿದರು, ತೂಕ ಸುಮಾರು 2.7 ಗ್ರಾಂ. ಆ ಇಸವಿಯ ತಾಮ್ರಬಣ್ಣದ್ದು ಸಿಕ್ಕರೆ ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕಿಗೆ ತಾಮ್ರದ ಲೇಪ ಕೊಟ್ಟದ್ದು. ಅಂಟದೆ, ತಾಮ್ರದ ಸೆಂಟ್ ತೂಗುವಂತೆ 3.11 ಗ್ರಾಂ ತೂಗಿದರೂ ಹಿಗ್ಗಬೇಡಿ, 1948ರ 8ನ್ನು ಅರೆದು 3 ಮಾಡಿರಬಹುದು. ನಿಜವಾದ 3ರ ಬಾಲ ಉದ್ದವಾಗಿ ಕೆಳಗಿಳಿದಿರುತ್ತದೆ.

1982ರವು ಎರಡು ಬಗೆ: ತಾಮ್ರದ್ದು 3.11 ಗ್ರಾಂ, ಸತುವಿನದು 2.5. ಎರಡೂ ಮಾಮೂಲು.

ಬೆಲೆ ತಿಳಿಯಲು ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತ ನೋಡಿ, ಮಾರುವವರು ಬರೆದುಕೊಂಡದ್ದನ್ನಲ್ಲ. ಸ್ಥಿತಿಯನ್ನು 1ರಿಂದ 70ರವರೆಗೆ ಅಳೆಯುತ್ತಾರೆ, 70 ಎಂದರೆ ಅತ್ಯುತ್ತಮ. ಮೂಲದ ಕೆಂಪು ಹೊಳಪು ಉಳಿದಿದ್ದರೆ ಕಂದುಬಣ್ಣದ್ದಕ್ಕಿಂತ ಬೆಲೆ ಹೆಚ್ಚು. 1940, 50ರ ದಶಕದ ಸವೆದ ಗೋಧಿತೆನೆಗಳಿಗೆ ಕೆಲವೇ ಸೆಂಟ್ ಬೆಲೆ, ಅವನ್ನು ಪ್ರಮಾಣೀಕರಣಕ್ಕೆ ಕಳಿಸುವುದು ದಂಡ.

ಮೆತ್ತನೆಯ ಪಿವಿಸಿ ಕವರ್‌ನಲ್ಲಿಟ್ಟರೆ ಹಸಿರು ಜಿಗುಟು ಹತ್ತುತ್ತದೆ. ಮೈಲಾರ್ (ಪಾಲಿಯೆಸ್ಟರ್ ಹಾಳೆ) ಕಿಟಕಿಯ ರಟ್ಟಿನ ಹೋಲ್ಡರ್ ತನ್ನಿ, ಮಳೆಗಾಲದಲ್ಲಿ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ.