ಹಿಟ್ಟು ಉಬ್ಬುವಷ್ಟು ಹೊತ್ತು ಆಟ

ನಮ್ಮ ಮನೆಯಲ್ಲಿ ಬುಧವಾರ ಬ್ರೆಡ್ ದಿನ. ಮಗಳಿಗೆ 7 ವರ್ಷ, ಮಗನಿಗೆ 4. ಇಬ್ಬರೂ ಮನೆಯಲ್ಲೇ ಕಲಿಯುತ್ತಾರೆ. ಇಷ್ಟು ಚಿಕ್ಕ ಮಕ್ಕಳನ್ನು ಜೊತೆಗಿಟ್ಟುಕೊಂಡು ಬೇಕಿಂಗ್ ಮಾಡೋದು ಹೇಗೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಕೇಕ್ ಬೇಡ, ಬ್ರೆಡ್ ಮಾಡಿ. ಕೇಕ್ ಹಿಟ್ಟು ಕಾಯುವುದಿಲ್ಲ. ಬೇಕಿಂಗ್ ಪೌಡರ್ ಒದ್ದೆಯಾದ ಕೂಡಲೇ ಕೆಲಸ ಶುರು ಮಾಡುತ್ತದೆ, ಜಾಸ್ತಿ ಕಲಸಿದರೆ ಕೇಕ್ ಗಟ್ಟಿಯಾಗುತ್ತದೆ. ಮಕ್ಕಳ ಕೈಗೆ ಚಮಚ ಕೊಟ್ಟು, "ಸಾಕು, ಸಾಕು" ಅನ್ನುತ್ತಾ ಪಕ್ಕದಲ್ಲೇ ನಿಲ್ಲಬೇಕು. ಬ್ರೆಡ್ ಹಿಟ್ಟಾದರೆ ಮಕ್ಕಳು ಗುದ್ದಿದಷ್ಟೂ ಒಳ್ಳೆಯದು. ಅದಕ್ಕೆ ಎರಡು ಸಲ ಸುಮ್ನೆ ಕೂರುವ ಹೊತ್ತೂ ಬೇಕು. ಆ ಹೊತ್ತಿನಲ್ಲಿ ಮಕ್ಕಳು ಆಡಬಹುದು. ಹೀಗಾಗಿ ಬುಧವಾರ ನಾನು ಬೇರೆ ವೇಳಾಪಟ್ಟಿ ಹಾಕುವುದಿಲ್ಲ. ಹಿಟ್ಟು ಹೇಗೋ ದಿನ ಹಾಗೆ.

ಬೇಕಾಗುವುದು ಇಷ್ಟು: 500 ಗ್ರಾಂ ಮೈದಾ, 310 ಮಿಲಿ ನೀರು, 7 ಗ್ರಾಂ ಒಣ ಯೀಸ್ಟ್, 9 ಗ್ರಾಂ ಉಪ್ಪು, ಎರಡು ಟೀ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಎಣ್ಣೆ. ಅರ್ಧ ಭಾಗ ಗೋಧಿ ಹಿಟ್ಟು ಹಾಕುವುದಾದರೆ ನೀರು ಸ್ವಲ್ಪ ಜಾಸ್ತಿ ಬೇಕು.

ತೂಕ ಮಾಡುವ ಕೆಲಸವನ್ನು ದಯವಿಟ್ಟು ನೀವೇ ಮೊದಲೇ ಮುಗಿಸಿಡಬೇಡಿ. ಬೆಳಗಿನ ಲೆಕ್ಕದ ಪಾಠವೆಲ್ಲ ಅದರಲ್ಲೇ ಇದೆ. ಡಿಜಿಟಲ್ ತಕ್ಕಡಿಯ ಮೇಲೆ ಖಾಲಿ ಬಟ್ಟಲು ಇಟ್ಟು ಸೊನ್ನೆ ಮಾಡಿ. ನಮ್ಮಲ್ಲಿ ಚಿಕ್ಕವನು ಹಿಟ್ಟು ಹಾಕುತ್ತಾನೆ, ದೊಡ್ಡವಳು ಅಂಕಿ ಓದುತ್ತಾಳೆ. 487 ಬಂದಾಗ ನಾನು, "ಇನ್ನೆಷ್ಟು?" ಎಂದು ಕೇಳಿ ಸುಮ್ಮನಾಗುತ್ತೇನೆ. ಅವಳು ಬೆರಳು ಮಡಿಸಿ ಎಣಿಸಿ, "ಹದಿಮೂರು" ಎನ್ನುವಷ್ಟರಲ್ಲಿ ತಮ್ಮ ಇನ್ನೊಂದು ದೊಡ್ಡ ಚಮಚ ಸುರಿದಿರುತ್ತಾನೆ. ಆಗ ತೆಗೆಯುವ ಲೆಕ್ಕ. ಅಡುಗೆಮನೆಯ ತಕ್ಕಡಿಗೆ ತೀರಾ ಸಣ್ಣ ತೂಕ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ಯೀಸ್ಟ್ ಮತ್ತು ಉಪ್ಪಿಗೆ ಟೀ ಚಮಚವೇ ವಾಸಿ: ಯೀಸ್ಟ್ ಎರಡೂಕಾಲು, ಉಪ್ಪು ಒಂದೂವರೆ. ಕಾಲು, ಅರ್ಧ ಅಂದರೆ ಏನು ಅಂತ ನನ್ನ ಮಗಳು ಕಲಿತಿದ್ದು ಆ ಚಮಚಗಳಿಂದ.

ನೀರು ಉಗುರುಬೆಚ್ಚಗಿರಲಿ, 35ರಿಂದ 40 ಡಿಗ್ರಿ ಸೆಲ್ಸಿಯಸ್. ಮುಂಗೈ ಮೇಲೆ ಒಂದು ಹನಿ ಬಿಟ್ಟರೆ ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು. 60 ಡಿಗ್ರಿ ಮುಟ್ಟಿದರೆ ಯೀಸ್ಟ್ ಸತ್ತೇ ಹೋಗುತ್ತದೆ. ಸಕ್ಕರೆ, ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬಂದರೆ ಜೀವ ಇದೆ ಎಂದರ್ಥ. ಬರದಿದ್ದರೆ ಹಿಟ್ಟಿಗೆ ಸೇರಿಸಲೇಬೇಡಿ, ಬೇರೆ ಯೀಸ್ಟ್ ತಂದು ಮತ್ತೆ ಶುರು ಮಾಡಿ.

ಇದೇ ಮಿಶ್ರಣವನ್ನು ಬೇರೆಯಾಗಿ ಒಂದು ಸಣ್ಣ ಬಾಟಲಿಯಲ್ಲಿ ಮಾಡಿ, ಬಾಯಿಗೆ ಬಲೂನು ಸಿಕ್ಕಿಸಿಡಿ. ಸುಮಾರು ಒಂದು ಗಂಟೆಯಲ್ಲಿ ಬಲೂನು ಎದ್ದು ನಿಲ್ಲುತ್ತದೆ. ಮೊದಲ ಸಲ ನೋಡಿದಾಗ ಮಗಳು, "ಅಪ್ಪಾ, ಅದು ಉಸಿರಾಡ್ತಿದೆಯಾ?" ಎಂದು ಕೇಳಿದಳು. ಸಕ್ಕರೆ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತಿದೆ, ಬ್ರೆಡ್ಡಿನ ತೂತುಗಳೆಲ್ಲ ಅದೇ ಗಾಳಿ ಎಂದೆ. ಅವತ್ತಿಡೀ ಅವಳು ಬ್ರೆಡ್ಡಿನ ತೂತು ಎಣಿಸಿದಳು. ಬಲೂನು ಒಡೆದರೆ ಚೂರುಗಳನ್ನು ಆಗಲೇ ಹೆಕ್ಕಿಬಿಡಿ. ಚಿಕ್ಕವರು ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟುತ್ತದೆ.

ಹಿಟ್ಟು ಕಲಸಿದ ಮೇಲೆ ಮೂರು ಪಾಲು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡಿ. ಮಕ್ಕಳ ಕೈ ಮೂರು ನಾಲ್ಕು ನಿಮಿಷಕ್ಕೆ ಸೋಲುತ್ತದೆ. ಆಮೇಲೆ ಎಲ್ಲ ಒಟ್ಟು ಮಾಡಿ ನೀವು ಇನ್ನೊಂದು ಏಳೆಂಟು ನಿಮಿಷ ನಾದಿ. ಒಂದು ಚೂರು ಕಿತ್ತು ಬೆಳಕಿಗೆ ಹಿಡಿದು ಮೆಲ್ಲಗೆ ಎಳೆಯಿರಿ. ಹರಿಯದೆ ತೆಳ್ಳಗಾಗಿ ಬೆಳಕು ಕಂಡರೆ ಆಯಿತು. ನಮ್ಮ ಮಗ ಅದರ ಹಿಂದೆ ಮುಖ ಇಟ್ಟು ಇಣುಕದೆ ಬಿಡುವುದಿಲ್ಲ. ಹಸಿ ಹಿಟ್ಟು ತಿನ್ನಲು ಮಾತ್ರ ಬಿಡಬೇಡಿ. ಹಸಿ ಹಿಟ್ಟಿನಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಇರಬಹುದು. ನಾನು ಹಣ್ಣು ಹೆಚ್ಚಿ ಪಕ್ಕದಲ್ಲೇ ಇಟ್ಟಿರುತ್ತೇನೆ. ಬಾಯಿಗೆ ಏನಾದರೂ ಇದ್ದರೆ ಕೈ ಹಿಟ್ಟಿಗೆ ಹೋಗುವುದಿಲ್ಲ.

ಈಗ ಉಬ್ಬಲು ಇಡುವುದು. ಇದನ್ನು ನಾನು ಕಲಿತದ್ದು ತಡವಾಗಿ, ನೀವು ಮೊದಲ ದಿನವೇ ಮಾಡಿ. ನಿಂಬೆ ಗಾತ್ರದ ಒಂದು ಉಂಡೆಯನ್ನು ನೇರ ಗೋಡೆಯ ಗಾಜಿನ ಲೋಟದಲ್ಲಿ ಒತ್ತಿ ಇಡಿ. ಹಿಟ್ಟು ಇರುವ ಮಟ್ಟಕ್ಕೆ ಒಂದು ಟೇಪ್, ಅದರ ಎರಡರಷ್ಟು ಎತ್ತರಕ್ಕೆ ಇನ್ನೊಂದು ಟೇಪ್ ಅಂಟಿಸಿ. ಉಳಿದ ಹಿಟ್ಟನ್ನು ಬಟ್ಟಲಲ್ಲಿ ಒದ್ದೆ ಬಟ್ಟೆ ಮುಚ್ಚಿ ಪಕ್ಕದಲ್ಲೇ ಇಡಿ. ಲೋಟದ ಹಿಟ್ಟು ಮೇಲಿನ ಟೇಪ್ ಮುಟ್ಟಿದಾಗ ಬಟ್ಟಲಿನದೂ ತಯಾರು. ಗಡಿಯಾರ ಓದಲು ಬಾರದ ಮಗುವಿಗೂ ಇದು ಗೊತ್ತಾಗುತ್ತದೆ. "ಆಯ್ತಾ? ಆಯ್ತಾ?" ಎಂದು ನನ್ನನ್ನು ಕೇಳುವುದು ನಿಂತೇ ಹೋಯಿತು. ಅವನೇ ಓಡಿ ಬಂದು ಲೋಟ ನೋಡಿ ಮತ್ತೆ ಓಡುತ್ತಾನೆ. ಮಗಳು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ: 9.40ಕ್ಕೆ ಇಟ್ಟೆ, 10.55ಕ್ಕೆ ಮುಟ್ಟಿತು. ಒಂದು ಚಳಿಯ ದಿನ ಎರಡು ಗಂಟೆ ದಾಟಿತು. ಹಿಂದಿನ ಪುಟಗಳನ್ನು ತಿರುವಿ, "ಚಳಿಗೆ ಯೀಸ್ಟ್ ನಿಧಾನ" ಎಂದು ಅವಳೇ ಬರೆದಳು. ನಾನು ಹೇಳಿಕೊಟ್ಟಿರಲಿಲ್ಲ.

ಮೊದಲ ಬಿಡುವು ದೊಡ್ಡದು, ಒಂದರಿಂದ ಒಂದೂವರೆ ಗಂಟೆ. ಓಟ, ನೆಗೆತ, ಮಣ್ಣು, ನೀರು, ಮೈ ದಣಿಸುವ ಆಟವೆಲ್ಲ ಆಗಲೇ ಆಗಲಿ. ಎರಡನೆಯದು ಬರೀ 30–40 ನಿಮಿಷ, ಜೊತೆಗೆ ಓವನ್ ಬಿಸಿ ಮಾಡಬೇಕು, ನಾವು ಅಡುಗೆಮನೆ ಬಿಟ್ಟು ಹೋಗುವ ಹಾಗಿಲ್ಲ. ಆಗ ಕೂತು ಆಡುವ ಆಟ. ನಮ್ಮದು ಉಪ್ಪಿನ ಹಿಟ್ಟು: ಎರಡು ಕಪ್ ಮೈದಾ, ಒಂದು ಕಪ್ ಉಪ್ಪು, ಒಂದು ಕಪ್‌ಗಿಂತ ಸ್ವಲ್ಪ ಕಡಿಮೆ ನೀರು. ಅದಕ್ಕೆ ಗಾಢ ಬಣ್ಣ ಸೇರಿಸಿ. ಒಮ್ಮೆ ಬಿಳಿಯಾಗೇ ಬಿಟ್ಟಿದ್ದೆ, ಮಗ ಒಂದು ತುಂಡನ್ನು ಬ್ರೆಡ್ಡಿಗೆ ಅಂಟಿಸಿಬಿಟ್ಟಿದ್ದ. ಆ ಬನ್ ಎಸೆಯಬೇಕಾಯಿತು, ಅವನು ಅತ್ತುಬಿಟ್ಟ. ಅಷ್ಟು ಉಪ್ಪು ಚಿಕ್ಕ ಮಗುವಿನ ಹೊಟ್ಟೆಗೆ ಹೋಗುವುದು ಅಪಾಯ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೂ ಸಿಗದಂತೆ ನೋಡಿಕೊಳ್ಳಿ.

ಎರಡು ಬಿಡುವುಗಳ ನಡುವೆ ಬನ್ ಆಕಾರ ಮಾಡುವುದು. ಹಿಟ್ಟನ್ನು ಅರ್ಧ ಮಾಡಿ, ಅದನ್ನು ಮತ್ತೆ ಅರ್ಧ, ಮತ್ತೆ ಅರ್ಧ. ಎಂಟು ಬರುತ್ತದೆ, ಒಂದೊಂದು ಸುಮಾರು 100 ಗ್ರಾಂ. ಹಾವು, ಬಸವನಹುಳು, ಏನು ಬೇಕಾದರೂ ಮಾಡಲಿ. ಬಾಲ ತೀರಾ ತೆಳ್ಳಗಾದರೆ ಸೀಯುತ್ತದೆ ಎಂದಷ್ಟು ಹೇಳಿ.

ಓವನ್ 200 ಡಿಗ್ರಿ, 18ರಿಂದ 20 ನಿಮಿಷ. ಓವನ್ ಮುಂದೆ ಒಂದು ಮೀಟರ್ ದೂರಕ್ಕೆ ನೆಲದ ಮೇಲೆ ಟೇಪ್ ಗೆರೆ ಹಾಕಿದ್ದೇನೆ. ಬಾಗಿಲು ತೆರೆದಾಗ ಗೆರೆ ದಾಟುವಂತಿಲ್ಲ. ಈ ಒಂದು ವಿಷಯದಲ್ಲಿ ನಾನು ಯಾವತ್ತೂ ಸಡಿಲ ಬಿಟ್ಟಿಲ್ಲ. ಬನ್ ತಿರುಗಿಸಿ ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಇಪ್ಪತ್ತು ನಿಮಿಷವಾದರೂ ಆರಲಿ, ಬಿಸಿಯಲ್ಲೇ ಮುರಿದರೆ ಒಳಗೆ ಅಂಟಂಟಾಗಿರುತ್ತದೆ. ಆ ಹೊತ್ತಿಗೆ ನಾವು ಬಟ್ಟಲು ತೊಳೆಯುತ್ತೇವೆ. ತಣ್ಣೀರಲ್ಲೇ ತೊಳೆಯಿರಿ, ಬಿಸಿನೀರಿಗೆ ಹಿಟ್ಟು ಇನ್ನಷ್ಟು ಅಂಟುತ್ತದೆ.

ಲೋಟದಲ್ಲಿ ಇಟ್ಟಿದ್ದ ಉಂಡೆಯನ್ನು ಎಸೆಯಬೇಡಿ. ಅದನ್ನೂ ಟ್ರೇಯ ಒಂದು ಮೂಲೆಯಲ್ಲಿಡಿ. ಹನ್ನೆರಡು ನಿಮಿಷಕ್ಕೆ ಬೇಯುತ್ತದೆ, ಎಲ್ಲಕ್ಕಿಂತ ಮೊದಲು ಆರುತ್ತದೆ. ನಮ್ಮಲ್ಲಿ ಅದು ಲೋಟ ಕಾಯ್ದವನ ಪಾಲು. ಅವನು ಅದನ್ನು ಎರಡು ಮಾಡಿ, ದೊಡ್ಡ ಚೂರು ಯಾವುದು ಎಂದು ತುಂಬಾ ಹೊತ್ತು ನೋಡಿ, ಒಂದನ್ನು ಅಕ್ಕನಿಗೆ ಕೊಡುತ್ತಾನೆ.